ಮೊದಲ ಸೆಕೆಂಡು

ಯಂತ್ರಕ್ಕೆ ಬೇಕಾದ್ದು ಒಂದೇ ಸೆಕೆಂಡು.
ಎದೆ ತುಂಬ ಎಳೆದುಕೊ, ಕೊಳವೆ ಕಚ್ಚು,
ಊದು, ಊದು, ಊದು, ಇನ್ನೂ, ಇನ್ನೂ,
ಮದಾಮ್ ಕೆರ್ಬ್ರಾ ಕೂಗುತ್ತಾಳೆ
ಕುದುರೆ ಜೂಜಿನ ಕಟಕಟೆಗೆ ಆತು ನಿಂತವಳಂತೆ.
ಆರು ಸೆಕೆಂಡು ಊದಿದರೂ
ನಾನೆಷ್ಟು ಎಂದು ಹೇಳುವುದು ಮೊದಲನೆಯದು.
ಉಳಿದದ್ದು ನನ್ನ ಹಟ.

ಮೂವತ್ತೆಂಟು.
ಬೇಸಿಗೆಯಲ್ಲಿ ನಲವತ್ತಾರಿತ್ತು.
ಆಕೆ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿ
ಕಿಟಕಿಯಾಚೆ ನೋಡಿದಳು.
ರೋಸ್ಕಾಫಿನ ಕಡಲು ದಿನಕ್ಕೆರಡು ಸಲ
ದೋಣಿಗಳನ್ನು ಕೆಸರಲ್ಲಿ ವಾಲಿಸಿ ಹೋಗುತ್ತದೆ,
ಒಯ್ದಷ್ಟನ್ನೂ ತಿರುಗಿ ತರುತ್ತದೆ.
ನನ್ನ ಎದೆ ಈ ಊರಿನದಲ್ಲ.

ಉಪ್ಪು ಹೋದ ಕಡೆ ನೀರು ಹೋಗುತ್ತದೆ, ಅಷ್ಟೇ ವಿಷಯ.
ನಮ್ಮ ಜೀವಕೋಶದ ಬಾಗಿಲಿಗೆ
ಹುಟ್ಟುವ ಮೊದಲೇ ಅಗುಳಿ ಬಿದ್ದಿದೆ.
ಉಪ್ಪು ದಾಟದು, ನೀರು ಬಾರದು,
ತೆಳ್ಳಗೆ ಜಾರಬೇಕಾದ ಲೋಳೆ
ಗೋಂದಾಗಿ ನಿಲ್ಲುತ್ತದೆ.
ನಿಂತಲ್ಲಿ ಯಾರಾದರೂ ಬಂದು ಒಕ್ಕಲು ಹೂಡುತ್ತಾರೆ.

ತಂಗಿ ಅಜೆನೋರಳ ಒಕ್ಕಲು ಹಸಿರು ಬಣ್ಣದ್ದು.
ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ದ್ರಾಕ್ಷಿ ವಾಸನೆಯಂತೆ.
ಹೇಳಿಕೊಂಡು ನಗುತ್ತಾಳೆ,
ನಗು ಕೆಮ್ಮಿಗೆ ತಿರುಗುವವರೆಗೆ.

ನನ್ನದಕ್ಕೆ ಈರುಳ್ಳಿಯ ಹೆಸರು.
ಮೊದಲು ಕಂಡದ್ದು ಕೊಳೆತ ಗಡ್ಡೆಯ ಪದರಿನಲ್ಲಂತೆ.
ಮುತ್ತಜ್ಜ ಸೈಕಲ್ಲಿಗೆ ಈರುಳ್ಳಿ ಜಡೆ ತೂಗುಹಾಕಿ
ಕಡಲು ದಾಟಿ, ಇಂಗ್ಲೆಂಡಿನ ಬಾಗಿಲು ಬಾಗಿಲು ತಟ್ಟಿದವನು.
ಅಪ್ಪ ಗುಲ್ವೆನ್ ಅದೇ ನಸುಗೆಂಪು ಗಡ್ಡೆ ಹೆಣೆದು
ನಮ್ಮಿಬ್ಬರನ್ನೂ ಸಾಕಿದವನು.
ಹೆಸರಿನ ಅರ್ಥ ಅವನಿಗೆ ನಾನು ಹೇಳಲಿಲ್ಲ,
ಯಾರೋ ಹೇಳಿದರು.
ಆ ರಾತ್ರಿ ತೊಲೆಯಿಂದ ಜಡೆಗಳನ್ನೆಲ್ಲ ಇಳಿಸಿ
ಪಕ್ಕದವನಿಗೆ ಅರ್ಧ ಬೆಲೆಗೆ ಕೊಟ್ಟುಬಿಟ್ಟ.
ಎಲ್ಲಿಂದ ಬಂತೆಂದು ಹೇಳಲಾಗದು,
ನಿಮ್ಮ ಹೊಲದ್ದೇ ಎಂದೇನಿಲ್ಲ,
ಡಾಕ್ಟರು ಮೂರು ಸಲ ಹೇಳಿದರು.
ಅಪ್ಪ ಮೂರು ಸಲ ತಲೆಯಾಡಿಸಿದ,
ಅಂಗೈ ಮೂಸಿಕೊಂಡ,
ಮರುವರ್ಷ ಆರ್ಟಿಚೋಕ್ ನೆಟ್ಟ.

ಚಿಕ್ಕಂದಿನಲ್ಲಿ ಒಂದೇ ಮಂಚದ ಮೇಲೆ ಬೋರಲು ಮಲಗಿಸಿ
ಅಮ್ಮ ಅಂಗೈ ಬಟ್ಟಲು ಮಾಡಿ ಬೆನ್ನು ತಟ್ಟುತ್ತಿದ್ದಳು,
ಬಲಗೈಗೆ ನಾನು, ಎಡಗೈಗೆ ಅವಳು.
ಒಳಗಿರುವವರು ಎದ್ದು ಬಂದು ಕದ ತೆಗೆಯಲಿ ಎಂಬಂತೆ.
ಮೊದಲು ಕೆಮ್ಮಿ ಉಗುಳಿದವರಿಗೆ ಚಾಕಲೇಟು.
ಅವಳೇ ಗೆಲ್ಲುತ್ತಿದ್ದಳು, ಅರ್ಧ ಕೊಡುತ್ತಿದ್ದಳು,
ಕಚ್ಚಿದ ಅರ್ಧ.

ಈಗ ನನ್ನದು ಅವಳಿಗೆ ತಗಲಬಾರದು.
ಅವಳು ಬೀದಿಯಾಚೆ ಚಿಕ್ಕಮ್ಮನ ಮನೆಯಲ್ಲಿ.
ಆಸ್ಪತ್ರೆಗೆ ಅವಳು ಮಂಗಳವಾರ, ನಾನು ಗುರುವಾರ,
ನಡುವಿನ ದಿನ ಕುರ್ಚಿ ಒರೆಸುತ್ತಾರೆ.
ಹೊಸ ಮಾತ್ರೆ ಬಂದಿದೆ ನಿಜ,
ನಮ್ಮಿಬ್ಬರ ನಮೂನೆಯ ತಪ್ಪಿಗೆ ಅದಲ್ಲ.
ಸತ್ತವರ ಶ್ವಾಸಕೋಶ ಹೊಲಿದು ಕೂರಿಸುವವರು
ನನ್ನ ಕಡತದಲ್ಲಿ ಈರುಳ್ಳಿಯ ಹೆಸರು ಓದಿ
ಬಹಳ ವಿನಯದಿಂದ ಕಾಗದ ಬರೆದರು.

ಸಂಜೆ ಏಳಕ್ಕೆ ಇಬ್ಬರೂ ಕಿಟಕಿಗೆ ಬರುತ್ತೇವೆ.
ಕೂಗಲು ಉಸಿರಿಲ್ಲ,
ಉಸುರಿದರೆ ಕಡಲಗಾಳಿ ಒಯ್ಯುತ್ತದೆ.
ಹಾಗಾಗಿ ಬೆರಳು.

ಇವತ್ತು ನಾನು ನಾಲ್ಕು ಬೆರಳು ಎತ್ತಿದೆ, ಆಮೇಲೆ ಐದು.
ಅವಳು ಐದು ಎತ್ತಿ, ತುಸು ತಡೆದು,
ಮುಷ್ಟಿ ಕಟ್ಟಿದಳು. ಸೊನ್ನೆ.
ಅವಳದು ಎಪ್ಪತ್ತೊಂದೆಂದು ನನಗೆ ಗೊತ್ತು,
ಮದಾಮ್ ಕೆರ್ಬ್ರಾ ಬಾಯಿತಪ್ಪಿ ಅಂದಿದ್ದಳು.
ನನ್ನದು ಅವಳಿಗೆ ಗೊತ್ತಿರಲೂಬಹುದು.
ನಾನು ಕೂಡಿಸುತ್ತೇನೆ, ಅವಳು ಕಳೆಯುತ್ತಾಳೆ.

ಕೆಳಗೆ, ಬೀದಿಯ ನಡುವೆ,
ಹೊಲದಿಂದ ಬಂದ ಅಪ್ಪ ಸೈಕಲ್ ನಿಲ್ಲಿಸಿ
ಆಚೆ ನೋಡಿದ, ಈಚೆ ನೋಡಿದ,
ತುಟಿಯಲ್ಲೇ ಎಣಿಸಿಕೊಂಡ.
ಎರಡನ್ನೂ ನಂಬಿದ.