ಮೂರೂವರೆ ಬೆರಳು

ಹೆಬ್ಬೆರಳು, ತೋರುಬೆರಳು, ನಡುಬೆರಳು,
ಉಂಗುರದ ಬೆರಳಲ್ಲಿ ಈ ಕಡೆಯ ಅರ್ಧ,
ಇಷ್ಟಕ್ಕೆ ಮಾತ್ರ ಜೋಮು ಅಂದೆ.
ಡಾಕ್ಟರಮ್ಮ ತಲೆಯೆತ್ತಿದರು:
ಗೆರೆ ಎಳೆದ ಹಾಗೆ ಹೇಳ್ತೀಯಲ್ಲ!

ಹೇಳದೆ ಏನು?
ಶಿಡ್ಲಘಟ್ಟದಲ್ಲಿ ಇಪ್ಪತ್ತೆರಡು ವರ್ಷ
ಬಿಸಿನೀರಲ್ಲಿ ಬೆರಳಾಡಿಸಿ
ಗೂಡಿನ ತುದಿ ಹುಡುಕಿದವಳು.
ಕಣ್ಣಿಗೆ ಸಿಗುವ ಎಳೆಯಲ್ಲ ಅದು.
ಪಕ್ಕದ ಬೇಸಿನ್ನಿನ ಜುಬೇದಾ ಮೊದಲ ದಿನವೇ ಅಂದಿದ್ದಳು,
"ನೋಡಬೇಡ್ವೇ, ಬೆರಳಿಗೆ ಬಿಡು."
ಬಿಟ್ಟೆ.
ಈಗ ಬೆರಳೇ ಕೈಬಿಟ್ಟಿದೆ.

ಎಳೆ ಹರಿದು ರಾಟೆ ಬರಿದೇ ತಿರುಗುತ್ತದೆ.
ರಾತ್ರಿ ಎರಡಕ್ಕೆ ಎದ್ದು ಕೂತು
ಕೈ ಕೊಡವುತ್ತೇನೆ, ಕೊಡವುತ್ತೇನೆ.
"ಇನ್ನೂ ನೀರು ಆರಿಲ್ವಾ?"
ಮಗ್ಗುಲಾಗುತ್ತ ಕೇಳುತ್ತಾನೆ ಗಂಡ, ನಿದ್ದೆಯಲ್ಲೇ.

ಮಣಿಕಟ್ಟಿನಲ್ಲಿ ಒಂದು ಸುರಂಗವಂತೆ,
ಅದರಲ್ಲಿ ಒಂಬತ್ತು ಹುರಿ, ಒಂದೇ ನರ.
ಜಾಗ ಸಾಲದೆ ನರ ನಲುಗಿದೆಯಂತೆ.
ಚಿಂತಾಮಣಿ ಬಸ್ಸಿನಲ್ಲಿ
ಮೂವರ ಸೀಟಿಗೆ ನಾಲ್ಕನೆಯವಳಾಗಿ ಕೂತವಳಿಗೆ
ಚಿತ್ರ ಬರೆದು ತೋರಿಸಬೇಕಿರಲಿಲ್ಲ.

"ಸ್ಟಿರಾಯ್ಡ್ ಕೊಡ್ತೀನಿ."
ಅದು ಪೈಲ್ವಾನರಿಗಲ್ಲವಾ ಅಂದೆ.
"ಅದೇ ಬೇರೆ, ಇದೇ ಬೇರೆ. ಬಳೆ ತೆಗಿ."
ಸೋಪು ಹಚ್ಚಿದರೂ ನಾಲ್ಕೇ ಬಂದವು.
ಐದನೆಯದು ಒಡೆಯಿತು. ಒಡೆಯಿತು ಅನ್ನಬಾರದು,
ಹೆಚ್ಚಿತು.
ನರ್ಸು ಚೂರುಗಳಿಗೆ ಕಸದ ಬುಟ್ಟಿ ಹಿಡಿದಳು.

ಸಿರಿಂಜಿನಲ್ಲಿ ತೆಳು ಮಜ್ಜಿಗೆಯಂಥ ಮದ್ದು.
"ಕರೆಂಟು ಹೊಡೆದ ಹಾಗಾದ್ರೆ ತಕ್ಷಣ ಹೇಳು,
ತಡ್ಕೋಬೇಡ."
ತಡೆದುಕೊಳ್ಳಬೇಡ ಅಂತ
ನನಗೆ ಯಾರಾದರೂ ಹೇಳಿದ್ದು ಅದೇ ಮೊದಲು.
ಸೂಜಿಗಿಂತ ಅದೇ ಆಳಕ್ಕೆ ಇಳಿಯಿತು.

ಮೂರು ತಿಂಗಳು ಇರಬಹುದು, ಆರು ಇರಬಹುದು.
ಮತ್ತೆ ಬಂದರೆ ಕೊಯ್ಯೋಣ.
ಅಲ್ಲಿಯವರೆಗೆ ರಾತ್ರಿ ಪಟ್ಟಿ ಕಟ್ಟು,
ಕೈಗೆ ರೆಸ್ಟು ಕೊಡು.
ಹೂಂ ಅಂದೆ.
ಬಸ್ಸಿನಲ್ಲಿ ಬಳೆ ಹಾಕಿಕೊಳ್ಳುತ್ತ ಲೆಕ್ಕ ಮಾಡಿದೆ,
ಮೂರು ತಿಂಗಳಿಗೆ ಎಷ್ಟು ಕೇಜಿ ಗೂಡು?
ಆರಕ್ಕೆ?

ಎಂಟನೆಯ ರಾತ್ರಿ
ಅಭ್ಯಾಸಬಲದಿಂದ ಎರಡಕ್ಕೇ ಎಚ್ಚರ.
ಕೊಡವಲು ಕೈ ಎತ್ತಿದೆ,
ಕೊಡವಲು ಏನೂ ಇರಲಿಲ್ಲ.
ಕತ್ತಲಲ್ಲಿ ದುಪ್ಪಟಿಯ ಅಂಚು ಸವರಿದೆ.
ಸಿಕ್ಕಿತು, ಬಿಚ್ಚಿಕೊಂಡಿದ್ದ ಒಂದು ಎಳೆ,
ಕೂದಲಿಗಿಂತ ಸಣ್ಣದು,
ತೋರುಬೆರಳಿಗೂ ಹೆಬ್ಬೆರಳಿಗೂ ನಡುವೆ.
ಎಳೆಯಲಿಲ್ಲ.
ಹಿಡಿದುಕೊಂಡೇ ಇದ್ದೆ,
ಗಂಡ ಗೊರಕೆ ಹೊಡೆಯುತ್ತಿದ್ದ.

ಉಂಗುರದ ಬೆರಳಿನ ಆ ಅರ್ಧ ಮಾತ್ರ
ಇನ್ನೂ ಬಾಯಿ ಬಿಟ್ಟಿಲ್ಲ.