ಮುಳ್ಳು ನಿಲ್ಲುವ ತನಕ

ಹಂದಿ ಹೊಡೀತಾಳಾ? ಎಂದು ಕೇಳಿದರು
ಅರಕಲಗೂಡಿನಿಂದ ಹೆಣ್ಣು ನೋಡಲು ಬಂದವರು,
ಬಾಳೆಹಣ್ಣಿನ ಸಿಪ್ಪೆ ಎಲ್ಲಿಡುವುದೆಂದು ತಿಳಿಯದೆ
ಕೈಯಲ್ಲೇ ಹಿಡಿದು.
ಇಲ್ಲ, ಕಾಗದ ಹೊಡೀತೀನಿ ಎಂದೆ.
ನಕ್ಕರು. ಮತ್ತೆ ಬರಲಿಲ್ಲ.

ನಿಜವನ್ನೇ ಹೇಳಿದ್ದೆ.
ಹದಿನೇಳು ವರ್ಷದಲ್ಲಿ ನನ್ನ ಕೈಯಿಂದ
ಗುಬ್ಬಿಯದೊಂದು ಪುಕ್ಕವೂ ಉದುರಿಲ್ಲ.
ಹತ್ತು ಮೀಟರ್ ಆಚೆ ಒಂದು ಬಿಳಿ ಚುಕ್ಕಿ,
ಸಾಸಿವೆಯೂ ಅದರ ಪಕ್ಕ ಗುಂಡುಕಲ್ಲು;
ಬೆಳಗಿಂದ ಬೈಗಿನವರೆಗೆ ಅಷ್ಟೇ ನನ್ನ ಬೇಟೆ.

ಕಲಿತದ್ದು ಹಾಸನದ ಆಲೂಗಡ್ಡೆ ಮಂಡಿಯ ಹಿಂದೆ,
ಕರೆಂಟು ಬಿಲ್ಲು ಕಟ್ಟಲಾಗದೆ ಮುಚ್ಚಿದ
ಕೋಲ್ಡ್ ಸ್ಟೋರೇಜಿನ ಓಣಿಯಲ್ಲಿ.
ಲ್ಯಾನ್ಸಿ ಮೇಷ್ಟ್ರು ಟೇಪು ಹಿಡಿದು ಅಳೆದರು:
ಹನ್ನೊಂದೂವರೆ. ಸಾಕು,
ಒಂದೂವರೆ ನಮಗೆ ನಿಲ್ಲೋಕೆ ಎಂದರು.
ಗೋಡೆಯೊಳಗಿಂದ ಎಂದೋ ಕೊಳೆತ ಗಡ್ಡೆಯ ನಾತ.
ಈಗಲೂ ಎಲ್ಲಾದರೂ ಆ ನಾತ ಬಡಿದರೆ
ಎಡ ಮೊಣಕೈ ತಾನಾಗಿ ಸೊಂಟ ಹುಡುಕುತ್ತದೆ.

ಅಪ್ಪ ಅದೇ ಮಂಡಿಯಲ್ಲಿ ತೂಕದವನು.
ಏಳನೇ ಕ್ಲಾಸಿನ ನಾನು ಲೆಕ್ಕದ ಪುಸ್ತಕ ಹಿಡಿದು ಕೂತರೆ
ಮುಳ್ಳು ನಿಲ್ಲಲಿ ಕಣವ್ವ, ಆಮೇಲೆ ಬರ್ಕೊ, ಎನ್ನುತ್ತಿದ್ದ.
ಮೂಟೆ ಹೇರಿದ ಮೇಲೂ ತಕ್ಕಡಿ ಒಳಗೊಳಗೇ ನಡುಗುತ್ತದಂತೆ,
ಅವಸರದವನಿಗೆ ಅರ್ಧ ಕೇಜಿ ಸುಳ್ಳು ಹೇಳುತ್ತದಂತೆ.
ಮೇಷ್ಟ್ರು ಇದನ್ನೇ ಎರಡು ವರ್ಷ ಇಂಗ್ಲಿಷಿನಲ್ಲಿ ಕಲಿಸಿದರು.

ರೈಫಲ್ಲು ಬರೀ ಐದು ಕೇಜಿ. ಎದೆಬಡಿತವೇ ಭಾರ.
ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ
ಒಬ್ಬರೇ ಕೂರಬಹುದಾದ ಜಗಲಿ ಇದೆ.
ಅಲ್ಲಿ ಕೂತು ಎಳೆಯಬೇಕು,
ಎಳೆದದ್ದು ಬೆರಳಿಗೂ ಗೊತ್ತಾಗದ ಹಾಗೆ.

ಹೊಡೆದ ಕಾರ್ಡುಗಳನ್ನು ಅಪ್ಪ ಬಿಸಾಡಲಿಲ್ಲ.
ಬೆನ್ನ ಬಿಳುಪಿನಲ್ಲಿ ಚೀಟಿ ಬರೆದ:
ಜ್ಯೋತಿ, ನಲವತ್ತೆರಡು ಚೀಲ, ದುದ್ದದ ನಿಂಗೇಗೌಡ.
ಇದ್ಯಾಕಪ್ಪ, ನಿನ್ನ ಲೆಕ್ಕದಲ್ಲೇ ತೂತು, ಎಂದು
ಚೀಟಿಗೆ ಕಣ್ಣಿಟ್ಟು ಅವನನ್ನೇ ನೋಡುತ್ತಿದ್ದರು.

ರಾಜ್ಯಮಟ್ಟದಲ್ಲಿ ಎರಡು ಬೆಳ್ಳಿ, ಒಂದು ಕಂಚು.
ಚಿನ್ನ ಬಂದದ್ದಿಲ್ಲ, ಹೋದದ್ದುಂಟು:
ಅಮ್ಮನ ಎರಡು ಬಳೆ, ನನ್ನ ಒಂದು ಜಾಕೆಟ್ಟು.

ದೆಹಲಿಯ ಆಯ್ಕೆ. ಐವತ್ತೊಂಬತ್ತು ಗುಂಡು ಮುಗಿದಾಗ
ನಾನು ಮೂರನೆಯವಳು; ಮೂವರಿಗೇ ಜಾಗ.
ಅರವತ್ತನೆಯದು ಒಂಬತ್ತು ಪಾಯಿಂಟ್ ಎಂಟು.
ಕೆಟ್ಟದ್ದೇನಲ್ಲ, ಚುಕ್ಕಿಯ ಪಕ್ಕದ ಮನೆ.
ಸೊನ್ನೆ ಪಾಯಿಂಟ್ ಮೂರರಲ್ಲಿ ನಾಲ್ಕನೆಯವಳಾದೆ.
ಗಾಳಿಯಿಲ್ಲ, ಬಿಸಿಲಿಲ್ಲ, ಯಾರೂ ಕೆಮ್ಮಲಿಲ್ಲ.
ಮುಳ್ಳು ನಿಂತಿರಲಿಲ್ಲ.
ಗೊತ್ತಿತ್ತು.
ಎಳೆದೆ.

ಈಗ ಅರಸೀಕೆರೆ ಜಂಕ್ಷನ್ನಿನಲ್ಲಿ ಕ್ರೀಡಾ ಕೋಟಾದ ಕೆಲಸ.
ಕೌಂಟರಿನ ತೂತಿನಲ್ಲಿ ಕೈಗಳು ಬರುತ್ತವೆ,
ಬೇಗ ಮೇಡಂ, ಗಾಡಿ ಬಂತು.
ಮೂವತ್ತೆಂಟಕ್ಕೇ ಹತ್ತಿರದ್ದು ಮಸುಕು;
ಮುಂದಿನ ಉಂಗುರಕ್ಕೆ ನೊರೆ ಕಟ್ಟಿದ ಹಾಗೆ.
ರೈಫಲ್ಲನ್ನು ಚನ್ನರಾಯಪಟ್ಟಣದ ಹುಡುಗಿಗೆ ಕೊಟ್ಟೆ, ಸುಹಾನಾ,
ಹದಿನೈದು ವಯಸ್ಸು, ಕಂತಿನಲ್ಲಿ.
ಮೊದಲ ಕಂತಿನ ಜೊತೆ ಅವಳಮ್ಮ ಒಂದು ಡಬ್ಬಿ ಖರ್ಜೂರ ಕಳಿಸಿದ್ದಳು.

ಮಂಡಿಗೂ ಡಿಜಿಟಲ್ ತಕ್ಕಡಿ ಬಂದಿದೆ. ಮುಳ್ಳೇ ಇಲ್ಲ,
ಮೂಟೆ ಬಿದ್ದ ಕೂಡಲೇ ಕೆಂಪು ಅಂಕಿ.
ರಜೆಯ ದಿನ ಊಟ ಕೊಂಡುಹೋದವಳು
ಕಂಬದ ಹಿಂದೆ ನಿಂತು ನೋಡಿದೆ:
ಹಮಾಲರು ಕೂಗುತ್ತಿದ್ದಾರೆ, ಹಿಂದೆ ಲಾರಿ ಹಾರನ್ನು,
ಅಂಕಿ ಬಂದು ನಿಂತಿದೆ.
ಅಪ್ಪ ಪೆನ್ನೆತ್ತಿ
ಇನ್ನೂ ಬರೆದಿಲ್ಲ.