ಹದಿನೇಳನೆಯ ಬಿಲ್ಲೆ

ಮುಂಬಯಿ, ಧೋಬಿ ತಲಾವಿನ ಫುಟ್‌ಪಾತು, ಅಪ್ಪನ ಗೋಣಿತಟ್ಟು.
ಎವರಿಸ್ತೊ ಫುರ್ತಾದೊ ಒಂದು ಸಂಜೆ ಬಂದವನು
ಬೂಟು ಬಿಚ್ಚಲಿಲ್ಲ, ಪೆಟ್ಟಿಗೆ ಬಿಚ್ಚಿದ.
ಒಳಗೆ ಹಿತ್ತಾಳೆಯ ಸೊಂಡಿಲು,
ಮೈತುಂಬ ತೂತು, ತೂತಿಗೊಂದು ಮುಚ್ಚಳ,
ಮುಚ್ಚಳದಡಿ ಸವೆದ ಚರ್ಮದ ಬಿಲ್ಲೆ.
"ಗಾಳಿ ಸೋರ್ತದೆ" ಅಂದ, "ರಾತ್ರಿ ಹೋಟೆಲಿನಲ್ಲಿ
ಕುಣಿಯುವವರು ಕಾದಿರ್ತಾರೆ."

ಹಲಗೆ ಬಡಿದ ಮನೆತನ ನಮ್ಮದು, ಇಂಡಿ ತಾಲೂಕು.
ಹೆಣದ ಮುಂದೆ ನಡೆದು, ದೇವರಿಂದ ದೂರ ನಿಂತು
ಚರ್ಮವೆಂದರೆ ಬಡಿಸಿಕೊಂಡು ಮಾತಾಡುವುದು
ಎಂದಷ್ಟೇ ಗೊತ್ತಿತ್ತು ಅಪ್ಪನಿಗೆ.
ಸುಮ್ಮನೆ ಮುಚ್ಚಿಕೊಂಡೇ ಹಾಡಿಸುವ ಚರ್ಮ
ಅವನು ಕಂಡದ್ದು ಅವತ್ತು.

ಯಾವಳೋ ಮೇಮ್‌ಸಾಹೇಬಳ ಹಳೇ ಕೈಗವುಸು ಕೊಯ್ದು
ಕಾಸಿನಗಲ, ರೂಪಾಯಿಯಗಲ ಕತ್ತರಿಸಿದ.
ಅದಲುಬದಲಾಗದಿರಲೆಂದು ಒಂದೊಂದರ ಬೆನ್ನಿಗೆ
ತನಗೆ ಬರುತ್ತಿದ್ದಷ್ಟು ಬರಹ: ೧, ೨, ೩.
ಹದಿನೇಳನೆಯದು ಹಟಮಾರಿ, ಅಂಟಿಕೊಳ್ಳುತ್ತಿತ್ತು.
ಎವರಿಸ್ತೊ ಅದರಡಿ ನೋಟು ತೂರಿಸಿ ಸರ್ರನೆ ಎಳೆದು
ಎಂಜಲ ತೇವದ ಅದೇ ನೋಟನ್ನು ಕೂಲಿಗೆ ಕೊಡುತ್ತಿದ್ದ.
ರೊಟ್ಟಿ ಇಳಿಸಿದ ಹಂಚಿನ ಮೇಲೆ
ಅವ್ವ ಒಣಗಿಸುತ್ತಿದ್ದಳು.

ಅವನ ಊದು ಕೇಳಿದ್ದು ಒಂದೇ ಸಲ, ಹೋಟೆಲಿನ ಹಿಂಬಾಗಿಲಲ್ಲಿ.
ತಟ್ಟೆ ತೊಳೆಯುವ ಸದ್ದಿನ ನಡುವೆ
ಎಲ್ಲರೂ ಹಿಡಿದ ತಾಳದ ಕೈಬಿಟ್ಟು ಅವನೊಬ್ಬ
ಹಿಂದೆ ಬಿದ್ದ, ಬೇಕೆಂದೇ ತಡಮಾಡಿದ,
ಕೊನೇ ಲೋಕಲ್ ತಪ್ಪಿಸಿಕೊಂಡವನ ಹಾಗೆ,
ತಪ್ಪಿತಲ್ಲ ಎಂದು ಖುಷಿಪಟ್ಟವನ ಹಾಗೆ.
"ಹಾಡು ತಿಳೀಲಿಲ್ಲ" ಅಂದ ಅಪ್ಪ,
"ಗಾಳಿ ಮಾತ್ರ ಸೋರಲಿಲ್ಲ."

ಸಿನಿಮಾದ ನಾಯಕಿ ಮೆಟ್ಟಿಲಿಳಿಯುವಾಗಿನ
ಆ ಒಂದು ನಿಟ್ಟುಸಿರು ಅವನದು. ರೆಕಾರ್ಡಿನ ಮೇಲೆ ಹೆಸರಿಲ್ಲ.
ಗೋವೆಯ ದಿವಾಡಿ ನಡುಗಡ್ಡೆಯ ಗೋರಿಯಲ್ಲಿ
ಹೆಸರಿದೆ, ಊದಿದ್ದರ ಸುದ್ದಿಯಿಲ್ಲ.
ದುಡ್ಡು ಕೇಳದೆ ಕಲಿಸಿದ ಹುಡುಗರು, ಅವರು ಕಲಿಸಿದ ಹುಡುಗರು,
ಹಡಗುಗಳಲ್ಲಿ, ಮದುವೆ ಬ್ಯಾಂಡುಗಳಲ್ಲಿ
ಈಗಲೂ ಕೂದಲೆಳೆಯಷ್ಟು ತಡವಾಗಿ ಬರುತ್ತಾರಂತೆ.
ಯಾರ ರೂಢಿಯೋ, ಅವರಿಗೂ ಗೊತ್ತಿಲ್ಲ.

ಮೊನ್ನೆ ಅವನ ತಂಗಿಯ ಮೊಮ್ಮಗಳು ಆರ್ಲೆಟ್
ಅದೇ ಪೆಟ್ಟಿಗೆ ಹೊತ್ತು ನನ್ನಂಗಡಿಗೆ ಬಂದಳು.
ಕಪ್ಪಿಟ್ಟ ಬಿಲ್ಲೆ ಎತ್ತಿ, ಬೆನ್ನು ತಿರುವಿ,
"ಇದು ಯಾವ ನೋಟೇಶನ್, ಅಂಕಲ್?"
೧೭.
ಎಷ್ಟು ಹೊತ್ತು ಸುಮ್ಮನಿದ್ದೆನೋ.

ಹೊಸ ಚರ್ಮ ಕತ್ತರಿಸಿ ಪೆನ್ನು ಅವಳಿಗೇ ಕೊಟ್ಟೆ.
ನೋಡಿ ನೋಡಿ ತಿದ್ದಿದಳು, ಏಳು ಬೆನ್ನುಹಾಕಿ ನಿಂತಿತು.
ಇರಲಿ ಬಿಡು ಅಂದೆ.
ಅಂಟಿಕೊಂಡರೆ ಒಂದು ನೋಟು ತೂರಿಸಿ ಎಳಿ.